ಚೀಲ ಹೊಲಿಯುವವಳ ಲೆಕ್ಕ

ಬುಕೋಮಿನ ಜಿಮ್ಮಿನಲ್ಲಿ ಸಂಜೆಯಾದರೆ ಸಾಕು,
ಸತ್ತವರ ಮುಷ್ಟಿ ತೂಗಲು ಕೂರುತ್ತಾರೆ ಗಂಡಸರು.
ತಕ್ಕಡಿಯಿಲ್ಲ, ತೂಕದ ಕಲ್ಲಿಲ್ಲ,
ಇರುವುದೊಂದು ನಾಲಗೆ. ಮಾತಿಗೇನು, ಸುಂಕವೇ?

"ಓಕೈಜಾನ ಎಡಗೈ" ಎನ್ನುತ್ತಾನೆ ಬಂದರಿನ ಕಾವಲುಗಾರ,
"ಬಿಳಿಯರ ಬಾವುಟ ಇಳಿಯುವುದಕ್ಕೂ ಮುಂಚಿನ ಮಾತು.
ತೆಳ್ಳನೆ ಕೈಗವಸು, ಒಳಗೆ ಕುದುರೆಯ ಕೂದಲು.
ಒಂದೇ ಗುದ್ದು. ತಿಂದವನು ಮೂರು ದಿನ
ನಿನ್ನ ಹೆಸರೇನಮ್ಮ ಎಂದು ಕೇಳುತ್ತಿದ್ದ
ಹೆತ್ತ ತಾಯಿಯನ್ನೇ."

"ಹೋಗಯ್ಯಾ, ಆಗಿನವರ ಹೊಟ್ಟೆಗೇ ಇರಲಿಲ್ಲ,
ದವಡೆಗೆಲ್ಲಿಂದ ಬರಬೇಕು ಗಟ್ಟಿತನ?"
ವ್ಯಾನು ಓಡಿಸುವ ಹುಡುಗ ಎದ್ದು ನಿಲ್ಲುತ್ತಾನೆ.
"ಕ್ಲಾಟೆಯ ಬಲಗೈಯನ್ನು ಯಂತ್ರ ಅಳೆದಿದೆ, ಲಂಡನ್ನಿನಲ್ಲಿ.
ಅಂಕಿ ಇದೆ ನನ್ನ ಫೋನಿನಲ್ಲಿ, ನೋಡು ಬೇಕಾದರೆ."
ಕಾವಲುಗಾರ ನೋಡುವುದಿಲ್ಲ. ಕನ್ನಡಕ ತಂದಿಲ್ಲ.

ನಾನು ಮೂಲೆಯಲ್ಲಿ, ದಬ್ಬಳ ಹಿಡಿದು.
ನನ್ನಜ್ಜಿ ದೋಣಿಗೆ ಹಾಯಿ ಹೊಲಿಯುತ್ತಿದ್ದವಳು.
ಮೋಟಾರು ಬಂತು, ಹಾಯಿ ಮಡಚಿ ಮೂಲೆ ಸೇರಿತು.
ಅದಕ್ಕೇ ಮರಳು ತುಂಬಿ, ಚಿಂದಿ ತುರುಕಿ, ಬಾಯಿ ಕಟ್ಟಿ
ತಗೊಳ್ಳಿ, ಗುದ್ದಿ ಸಾಯಿರಿ, ಎಂದಳಂತೆ.
ಗಾಳಿ ತಿನ್ನುತ್ತಿದ್ದ ಬಟ್ಟೆ
ಅಂದಿನಿಂದ ಗುದ್ದು ತಿನ್ನತೊಡಗಿತು.

ನನ್ನನ್ನು ಯಾರೂ ಕೇಳಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ:
ಓಕೈಜಾ ಗುದ್ದಿದ ಚೀಲ ಅಜ್ಜಿಯ ಮಡಿಲಿಗೆ ಬಂದಾಗ
ಹೊಲಿಗೆ ಹಾಗೇ ಇತ್ತು, ಪಕ್ಕದ ಬಟ್ಟೆ ಹರಿದಿತ್ತು,
ಬೆಕ್ಕು ನುಸುಳುವಷ್ಟು.
ಕ್ಲಾಟೆಯ ಚೀಲ ಹರಿದದ್ದೇ ಇಲ್ಲ.
ಹೊರಗೆ ನೋಡಿದರೆ ಮದುಮಗಳು.
ಬಿಚ್ಚಿದೆ ಒಮ್ಮೆ. ಒಳಗಿನ ಚಿಂದಿಯೆಲ್ಲ
ಬೀಸಿದ ಹಿಟ್ಟಿನ ಹಾಗೆ ಕೈಯಿಂದ ಜಾರಿತು.

ಯಾವುದು ಹೆಚ್ಚು, ಹರಿದದ್ದೋ
ಹರಿಯದೆ ಒಳಗೇ ಹಿಟ್ಟಾದದ್ದೋ?
ಅದು ಹತ್ತಿ, ಇದು ನೈಲಾನು.
ದಾರ ಬೇರೆ, ಮರಳು ಬೇರೆ, ನನ್ನ ಕಣ್ಣೂ ಬೇರೆ ಈಗ.
ಅದಕ್ಕೇ ಬಾಯಿ ಬಿಡುವುದಿಲ್ಲ.

ಆದರೆ ಬಾಗಿಲಲ್ಲಿ ಕೂತಿದ್ದಾನಲ್ಲ ಒಡಾರ್ಟೆ ತಾತ,
ಎಲೆ ಬಿಡಿಸಿ ಕೆಂಕೆ ಮುರಿಯುತ್ತ, ಮುರಿದದ್ದು ಬಾಯಿಗೆ ಸಿಗದೆ.
ಓಕೈಜಾ ತನ್ನ ಕೊನೆಯ ವರ್ಷ ಬೊರ್ಟೆಯನ್ನು ಕೆಡವಿದ.
ಬೊರ್ಟೆ ಇವನನ್ನು.
ಇವನು ತಲೆ ನರೆಯುವ ಹೊತ್ತಿಗೆ
ಎಳೆಯ ಕ್ಲಾಟೆಗೆ ದವಡೆ ಒಡ್ಡಿದ, ದಿನಗೂಲಿಗೆ.
ಗುದ್ದಿಗೂ ವಂಶವಿದೆ.
ಅದು ಕೈಯಿಂದ ಕೈಗಲ್ಲ,
ದವಡೆಯಿಂದ ದವಡೆಗೆ ಇಳಿಯುತ್ತದೆ.

"ತಾತ, ನೀನೇ ಹೇಳು, ಇಬ್ಬರದೂ ಉಂಡವನು."
ಅವನು ಮೆಣಸಿನ ಬೆರಳು ನೆಕ್ಕಿ, ತುಂಬ ಹೊತ್ತು ಬಿಟ್ಟು:
"ಬೊರ್ಟೆಯದು ಗೊತ್ತಾಗಲಿಲ್ಲ.
ಕ್ಲಾಟೆಯದೂ ಗೊತ್ತಾಗಲಿಲ್ಲ.
ಗೊತ್ತಾದದ್ದು ಸೂರಿನ ದೀಪ, ಆಮೇಲೆ ಬಕೀಟಿನ ನೀರು.
ಕುಮಾಸಿಯಲ್ಲೊಬ್ಬನಿದ್ದ. ಹೆಸರು ಹೋಯಿತು.
ಎಡಗೈ ಬೀಸಿದ. ನಾನು ತಗ್ಗಿದೆ.
ತಲೆಯ ಮೇಲೆ ಹಾದುಹೋಯಿತು ನೋಡು, ಆ ಗಾಳಿ..."
ನೆತ್ತಿ ಮುಟ್ಟಿಕೊಂಡ.
"ಇಲ್ಲಿ. ಇನ್ನೂ ತಣ್ಣಗಿದೆ."

ಗಂಡಸರು ನಕ್ಕರು. ತಪ್ಪಿದ್ದು ಲೆಕ್ಕಕ್ಕಿಲ್ಲ ತಾತ,
ತಗುಲಿದ್ದು ಹೇಳು.
ಮತ್ತೆ ಓಕೈಜಾ, ಮತ್ತೆ ಕ್ಲಾಟೆ, ಮತ್ತೆ ಆ ಫೋನು.

ದಾರ ಹಲ್ಲಿಗೆ ಕೊಟ್ಟು ಕತ್ತರಿಸಿದೆ.
ಬೆಳಗಿನ ಐದಕ್ಕೆ ಹುಡುಗರು ಬರುತ್ತಾರೆ,
ಅವರ ಹಿಂದೆ ಬುಟ್ಟಿ ಕೆಳಗಿಟ್ಟು, ಒಬ್ಬಳು,
ಮೀನು ಹೊರುವ ಡೆಡೆಯ ಮಗಳು.
ಮೊನ್ನೆ ಅವಳು ಹೋದ ಮೇಲೆ ಚೀಲ ಸವರಿ ನೋಡಿದೆ.
ಅಜ್ಜಿ ಕಲಿಸಿದ ಗಂಟಿನ ಮೇಲೇ
ಎರಡು ಎಳೆ ಸಡಿಲ.

ಯಾರಿಗೂ ಹೇಳಿಲ್ಲ.
ಅಲ್ಲಿ ಜೋಡಿ ದಾರ ಹಾಕಿದ್ದೇನೆ.